ಲಾಗ ಹಾಕುವ ಪಟ

“ಗುರುಗಳೇ, ಜನ ಒಮ್ಮೆ ಮೆಚ್ಚಿದ್ದನ್ನು ಮತ್ತೆ ಕೊಡಬೇಕೇ, ಬಿಡಬೇಕೇ?” ಎಂದು ಸಿಂಚನಾ ಕೇಳಿದಳು.

ಗುರುಗಳು ಕುಂಚ ತೊಳೆಯುತ್ತಿದ್ದರು. ಮೂವತ್ತೈದು ವರ್ಷ ಶಾಲೆಗಳಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಸಿಂಚನಾ ಅವರ ಬಳಿ ಗೆರೆ ಎಳೆಯಲು ಕಲಿತವಳು. ಈಗ ಹುಬ್ಬಳ್ಳಿಯಲ್ಲಿ ಮೂವರು ಗೆಳೆಯರ ಜೊತೆ ಸೇರಿ ಮೊಬೈಲಿನಲ್ಲಿ ಆಡುವ ಆಟಗಳನ್ನು ಮಾಡುತ್ತಿದ್ದಳು.

“ಏನನ್ನು ಮೆಚ್ಚಿದರು? ಅದನ್ನು ಮೊದಲು ಹೇಳು” ಎಂದರು ಗುರುಗಳು.

“ನಮ್ಮ ಆಟದಲ್ಲಿ ಒಂದು ಮೇಕೆಮರಿ ಇದೆ. ಬಂಡೆಯಿಂದ ಬಂಡೆಗೆ ಜಿಗಿಯುತ್ತಾ ಬೆಟ್ಟ ಹತ್ತುತ್ತದೆ. ಮುಂದಿನ ಬಂಡೆ ಸಿಗದೆ ಬೀಳುವಂತಾದರೆ, ಗಾಳಿಯಲ್ಲೇ ಇನ್ನೊಮ್ಮೆ ಕಾಲು ಝಾಡಿಸಿ ಮೇಲೇಳುತ್ತದೆ. ಆ ಎರಡನೆಯ ಜಿಗಿತಕ್ಕೆ ಜನ ಮನಸೋತರು. ಅದಕ್ಕೆ ಮರಿಜಿಗಿತ ಎಂದು ಅವರೇ ಹೆಸರಿಟ್ಟರು. ಈಗ ನಾವು ಎರಡನೆಯ ಆಟ ಮಾಡುತ್ತಿದ್ದೇವೆ. ಮರಿಜಿಗಿತ ತೆಗೆದರೆ, ನಮ್ಮ ಮರಿಯ ಕಾಲು ಮುರಿದಿರಿ ಎನ್ನುತ್ತಾರೆ. ಇಟ್ಟರೆ, ನಿನ್ನೆಯ ಸಾರನ್ನೇ ಕಾಯಿಸಿ ಬಡಿಸಿದಿರಿ ಎನ್ನುತ್ತಾರೆ. ನಮ್ಮಲ್ಲಿ ಇಬ್ಬರು ಇರಲಿ ಎನ್ನುತ್ತಾರೆ. ಒಬ್ಬ ಬೇಡವೇ ಬೇಡ ಎನ್ನುತ್ತಾನೆ. ಎರಡು ತಿಂಗಳಿಂದ ಕೆಲಸ ನಿಂತಿದೆ. ಮೊನ್ನೆ ಆ ಒಬ್ಬ ಬಿಟ್ಟುಹೋಗುತ್ತೇನೆ ಎಂದ.”

“ನೀನು ಏನೆನ್ನುತ್ತೀ?”

“ನನಗೆ ಗೊತ್ತಾಗುತ್ತಿಲ್ಲ, ಗುರುಗಳೇ.”

ಗುರುಗಳು ಕುಂಚಗಳನ್ನು ಒಣಗಲು ಇಟ್ಟು, ಕೈ ಒರೆಸಿಕೊಂಡು ಕುಳಿತರು. ಆಮೇಲೆ ಈ ಕತೆ ಹೇಳಿದರು.

ನಾನು ಮೊದಲು ಕೆಲಸಕ್ಕೆ ಸೇರಿದ ಊರಿನಲ್ಲಿ ಗಾಳಿಪಟ ಕಟ್ಟುವವನೊಬ್ಬನಿದ್ದ. ಹೆಸರು ದಸ್ತಗೀರ. ಊರಿನವರು ಪಟದವನು ಎಂದೇ ಕರೆಯುತ್ತಿದ್ದರು. ಆಷಾಢದ ಗಾಳಿ ಏಳುವ ಹೊತ್ತಿಗೆ ಅವನು ಪ್ರತಿ ವರ್ಷ ಒಂದು ಹೊಸ ಬಗೆಯ ಪಟ ತೆಗೆಯುತ್ತಿದ್ದ. ಒಂದು ವರ್ಷದ್ದು ಮುಂದಿನ ವರ್ಷ ಇರುತ್ತಿರಲಿಲ್ಲ. ಬೇಸಿಗೆಯಿಡೀ ಅಂಗಡಿಯ ಹಿಂದೆ ಕೂತು ಬಿದಿರು ಸೀಳುತ್ತಿದ್ದ. ಏನು ಕಟ್ಟುತ್ತಿದ್ದಾನೆ ಎಂದು ಯಾರಿಗೂ ಹೇಳುತ್ತಿರಲಿಲ್ಲ. ಆಷಾಢದ ಮೊದಲ ದಿನ ಅಂಗಡಿಯ ಬಾಗಿಲು ತೆರೆದಾಗಲೇ ಊರು ಅದನ್ನು ನೋಡಬೇಕು. ಜನ ಪಟ ಹಾರಿಸಲು ಕೆರೆ ಏರಿಗೆ ಹೋಗುತ್ತಿದ್ದರು. ಅವನು ಮಾತ್ರ ಏರಿಗೆ ಬರುತ್ತಿರಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ನಿಂತು ಆಕಾಶ ನೋಡುತ್ತಿದ್ದ.

ನಾನು ಸೇರಿದ ವರ್ಷ ಅವನು ಲಾಗ ಹಾಕುವ ಪಟ ತೆಗೆದ.

ನೋಡಲು ಸಾಧಾರಣ ಪಟ. ಬಾಲಂಗೋಚಿ ಗಿಡ್ಡ. ಸೂತ್ರವನ್ನು, ಎಂದರೆ ಪಟದ ಎದೆಗೆ ಕಟ್ಟುವ ದಾರವನ್ನು, ಉಳಿದವರು ಹಾಕುವುದಕ್ಕಿಂತ ಎರಡು ಬೆರಳು ಕೆಳಗೆ ಹಾಕಿದ್ದ. ಅಷ್ಟೇ. ಪಟ ಮೇಲೆ ನಿಂತಾಗ ಒಂದು ಮಾರು ದಾರ ಸಡಿಲ ಬಿಟ್ಟರೆ ಅದು ತಲೆಕೆಳಗಾಗಿ ಬೀಳುತ್ತಿತ್ತು. ಇನ್ನೇನು ಹೋಯಿತು ಎನ್ನುವಾಗ ದಾರ ಜಗ್ಗಿದರೆ ಲಾಗ ಹಾಕಿ ಮತ್ತೆ ಮೇಲೇರುತ್ತಿತ್ತು. ಬೇಗ ಜಗ್ಗಿದರೆ ಹೊರಳುತ್ತಿರಲಿಲ್ಲ. ತಡವಾಗಿ ಜಗ್ಗಿದರೆ ಕೆರೆಯ ನೀರಿಗೆ ಬೀಳುತ್ತಿತ್ತು. ಎರಡರ ನಡುವೆ ಒಂದು ಕ್ಷಣ ಇತ್ತು. ಅದನ್ನು ಕೈಯೇ ಕಲಿಯಬೇಕಿತ್ತು.

ಆ ಆಷಾಢದಲ್ಲಿ ಊರೆಲ್ಲ ಅದನ್ನು ಕಲಿಯಿತು. ಹೆಡ್‌ಮಾಸ್ತರರು ಕಲಿತರು. ಕ್ಷೌರದವನು ಅರ್ಧ ಗಡ್ಡ ಹೆರೆದವರನ್ನು ಕೂರಿಸಿ ಏರಿಗೆ ಓಡುತ್ತಿದ್ದ. ಹೆಂಗಸರು ಮಾಳಿಗೆಯ ಮೇಲೆ ನಿಂತು ಹಾರಿಸಿದರು. ನನಗೆ ಎರಡು ಪಟ ನೀರುಪಾಲಾದ ಮೇಲೆ, ಮೂರನೆಯ ದಿನ, ಲಾಗ ಬಂತು. ಆಗ ನನಗೆ ಇಪ್ಪತ್ಮೂರು ವರ್ಷ. ಮನೆಯವರನ್ನು ಬಿಟ್ಟು ಬಂದು ನಾಲ್ಕು ತಿಂಗಳಾಗಿತ್ತು. ಆ ಊರು ನನ್ನದು ಎಂದು ನನಗೆ ಅನ್ನಿಸಿದ್ದು ಆ ಸಂಜೆ.

ಆ ಊರಿನಲ್ಲಿ ಹಗ್ಗ ಹೊಸೆಯುವವನೊಬ್ಬನಿದ್ದ. ಹೆಸರು ಓಬಣ್ಣ. ಹುಟ್ಟಿನಿಂದ ಅವನಿಗೆ ಕಣ್ಣು ಕಾಣದು. ಅವನ ಹೆಂಡತಿ ಬೋರಮ್ಮ ಒಂದು ತುದಿಯಲ್ಲಿ ಕೂತು ರಾಟೆ ತಿರುಗಿಸುತ್ತಿದ್ದಳು. ಅವನು ಸೊಂಟಕ್ಕೆ ಕತ್ತಾಳೆ ನಾರು ಕಟ್ಟಿಕೊಂಡು, ಬೆರಳಿನಿಂದ ನಾರು ಬಿಡುತ್ತಾ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಿದ್ದ. ಹಿಂದಕ್ಕೆ ನಡೆಯುವ ಕೆಲಸಕ್ಕೆ ಕಣ್ಣು ಯಾಕೆ ಎಂದು ತಾನೇ ತಮಾಷೆ ಮಾಡುತ್ತಿದ್ದ.

ಅವನು ಪಟ ಹಾರಿಸಿದವನಲ್ಲ. ಒಂದೆರಡು ಸಲ ಯಾರೋ ಕೈಗೆ ದಾರ ಕೊಟ್ಟಿದ್ದರು. ಎಮ್ಮೆ ಕಟ್ಟಿದ ಹಗ್ಗ ಹಿಡಿದ ಹಾಗಿದೆ, ಸುಮ್ಮನೆ ಎಳೆಯುತ್ತದೆ ಎಂದು ವಾಪಸ್ಸು ಕೊಟ್ಟಿದ್ದ. ಆ ವರ್ಷ ಬೋರಮ್ಮ ಬಿಡಲಿಲ್ಲ. ಅವನನ್ನು ಏರಿಗೆ ಕರೆತಂದು, ಪಟ ಮೇಲೆ ಏರಿಸಿ, ದಾರವನ್ನು ಕೈಗೆ ಕೊಟ್ಟಳು. ನಾನು ಹತ್ತಿರದಲ್ಲೇ ಇದ್ದೆ.

“ಈಗ ಒಂದು ಮಾರು ಬಿಡಿ” ಎಂದಳು.

ಅವನು ಬಿಟ್ಟ. ಅವನ ಮುಖ ಬಿಳಿಚಿತು. ಕೈ ಗಾಳಿಯಲ್ಲಿ ತಡಕಾಡಿತು.

“ಜಗ್ಗಿ” ಎಂದಳು.

ಅವನು ಜಗ್ಗಿದ. ಪಟ ಹೊರಳಿ ಮೇಲೇರಿ ದಾರ ಮತ್ತೆ ಬಿಗಿಯಿತು. ಓಬಣ್ಣ ನಕ್ಕ. ದೊಡ್ಡವರು ಹಾಗೆ ನಗುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಆ ಆಷಾಢ ಮುಗಿಯುವವರೆಗೆ ಗಂಡಹೆಂಡತಿ ಸಂಜೆಯ ಹೊತ್ತು ಏರಿಯ ಮೇಲೆ ಇರುತ್ತಿದ್ದರು. ಹಗ್ಗದ ಕೆಲಸ ಅರ್ಧಕ್ಕೆ ಬಿದ್ದಿರುತ್ತಿತ್ತು.

ಗಾಳಿ ನಿಂತಿತು, ಶ್ರಾವಣ ಬಂತು. ಅಷ್ಟು ಹೊತ್ತಿಗೆ ಊರು ಪಟದವನ ಹೆಸರು ಬದಲಿಸಿತ್ತು. ಎಲ್ಲರೂ ಅವನನ್ನು ಲಾಗದವನು ಎನ್ನುತ್ತಿದ್ದರು. ಮೊದಮೊದಲು ಅವನಿಗೆ ಹಿತವೆನಿಸಿತು. ಆಮೇಲೆ ಚುಚ್ಚತೊಡಗಿತು. ಹದಿನೆಂಟು ವರ್ಷ ಹದಿನೆಂಟು ಬಗೆಯ ಪಟ ಕಟ್ಟಿದ್ದ. ಮೀನಿನ ಆಕಾರದ ಪಟ, ಒಂದರ ಬೆನ್ನಿಗೆ ಒಂದು ಏಳು ಪಟಗಳ ಸರ, ಮಳೆಯಲ್ಲಿ ನೆನೆದರೂ ಹಾರುವ ಎಣ್ಣೆಕಾಗದದ ಪಟ. ಅವೆಲ್ಲ ಜನರಿಗೆ ಮರೆತೇಹೋಗಿದ್ದವು.

“ಬರುವ ವರ್ಷವೂ ಲಾಗ ಇರುತ್ತದಲ್ಲ?” ಎಂದು ದಾರಿಯಲ್ಲಿ ಸಿಕ್ಕವರೆಲ್ಲ ಕೇಳುತ್ತಿದ್ದರು.

ಅವನ ಒಳಗೆ ಹಟ ಹಿಡಿಯಿತು. ಲಾಗ ನನ್ನ ಕೈಯಿಂದ ಬಂದದ್ದು, ನಾನು ಲಾಗದಿಂದ ಬಂದವನಲ್ಲ ಎಂದುಕೊಂಡ.

ಎರಡನೆಯ ವರ್ಷ ಅವನು ಹಾಡುವ ಪಟ ತೆಗೆದ. ಪಟದ ನೆತ್ತಿಗೆ ಬಿಲ್ಲಿನಂತೆ ಬಿದಿರು ಬಗ್ಗಿಸಿ, ಅದಕ್ಕೆ ತಾಳೆಗರಿಯ ಪಟ್ಟಿ ಬಿಗಿದಿದ್ದ. ಗಾಳಿ ತಾಗಿದರೆ ಅದು ಗುಂಯ್ ಎನ್ನುತ್ತಿತ್ತು. ಗಾಳಿ ಏರಿದಂತೆ ಸ್ವರ ಏರುತ್ತಿತ್ತು. ಅವನು ಕಟ್ಟಿದ್ದರಲ್ಲೆಲ್ಲ ಅದೇ ಚೆಲುವಾದದ್ದು. ನಾನು ಚಿತ್ರದ ಮೇಷ್ಟ್ರು, ಅಷ್ಟು ಮಾತ್ರ ಹೇಳಬಲ್ಲೆ.

ಜನ ಹಾರಿಸಿದರು, ಕೇಳಿದರು, ಚೆನ್ನಾಗಿದೆ ಎಂದರು. ಆಮೇಲೆ ಒಂದು ಮಾರು ದಾರ ಬಿಟ್ಟರು. ಪಟ ಬೀಳಲಿಲ್ಲ, ಹೊರಳಲಿಲ್ಲ, ಹಾಡುತ್ತಾ ನಿಂತಿತು. ಕೆಲವರು ಪಟ ಕೆಳಗಿಳಿಸಿ, ಸೂತ್ರವನ್ನು ಬಿಚ್ಚಿ ಎರಡು ಬೆರಳು ಕೆಳಗೆ ಕಟ್ಟಿದರು. ಲಾಗಕ್ಕೆ ಹುಟ್ಟಿದ ಪಟ ಅದಲ್ಲ. ನೆತ್ತಿಯ ಭಾರಕ್ಕೆ ನೇರ ನೆಲಕ್ಕೆ ಬಡಿದು ಬೆನ್ನುಕಡ್ಡಿ ಮುರಿಯಿತು. ಮುರಿದದ್ದನ್ನು ತಂದು ಅಂಗಡಿಯ ಮುಂದೆ ಎಸೆದು ಹೋದರು. ದಸ್ತಗೀರ ಒಂದೊಂದನ್ನೇ ಎತ್ತಿ ಒಳಗಿಟ್ಟ.

ಓಬಣ್ಣ ಎಸೆಯಲಿಲ್ಲ. ಹೆಂಡತಿಯ ಹೆಗಲು ಹಿಡಿದು ಅಂಗಡಿಗೆ ಬಂದ.

“ಸಾಬರೇ, ಪಟ ತುಂಬಾ ಚೆನ್ನಾಗಿ ಹಾಡುತ್ತದೆ” ಎಂದ.

ದಸ್ತಗೀರನಿಗೆ ಹೋದ ಜೀವ ಬಂದಂತಾಯಿತು. “ನಿಮಗಾದರೂ ತಿಳಿಯಿತಲ್ಲ, ಓಬಣ್ಣ” ಎಂದ.

“ಆದರೆ ಪಕ್ಕದ ಮನೆಯಲ್ಲಿ ಯಾರೋ ಹಾಡಿದ ಹಾಗೆ ಕೇಳುತ್ತದೆ. ನನಗೆ ಅಲ್ಲಿ ಕೆಲಸವಿಲ್ಲ” ಎಂದ ಓಬಣ್ಣ.

ಬೋರಮ್ಮ ಗಂಡನ ಕೈ ಚಿವುಟಿದಳು. ಮಾತು ಆಗಲೇ ಆಡಿ ಆಗಿತ್ತು.

ಆ ವರ್ಷ ಪುಷ್ಯ ಮಾಸದಲ್ಲಿ ಬೋರಮ್ಮನಿಗೆ ಜ್ವರ ಬಂತು. ಹನ್ನೊಂದು ದಿನ ಮಲಗಿದ್ದಳು. ಹನ್ನೆರಡನೆಯ ದಿನ ಹೋದಳು. ಮಣ್ಣಿಗೆ ನಾವೆಲ್ಲ ಹೋಗಿದ್ದೆವು. ಓಬಣ್ಣ ಅಳಲಿಲ್ಲ. ಮನೆಗೆ ಬಂದು ರಾಟೆಯ ಪಕ್ಕ ಕೂತು, ಅದರ ಹಿಡಿಯನ್ನು ಒಮ್ಮೆ ಮುಟ್ಟಿ ನೋಡಿದ.

ಮೂರನೆಯ ವರ್ಷ ದಸ್ತಗೀರ ಸೋತ. ಜನರಿಗೆ ಬೇಕಾದದ್ದು ಲಾಗ ತಾನೇ, ಹೊಟ್ಟೆ ತುಂಬ ಕೊಡುತ್ತೇನೆ ಎಂದು ಕೂತ. ಅದರಲ್ಲಿ ಸ್ವಲ್ಪ ಸಿಟ್ಟೂ ಇತ್ತು. ಆ ವರ್ಷದ ಪಟ ಒಂದಲ್ಲ, ಮೂರು ಲಾಗ ಹಾಕುತ್ತಿತ್ತು. ದಾರ ಬಿಡುವುದೇ ಬೇಡ. ಗಾಳಿ ತುಸು ಜೋರಾದರೆ ತಾನೇ ತಲೆಕೆಳಗಾಗಿ, ತಾನೇ ಹೊರಳಿ, ತಾನೇ ಮೇಲೇರುತ್ತಿತ್ತು. ಮೊದಲ ಸಲ ಹಿಡಿದವರಿಗೂ ಲಾಗ ಬರುತ್ತಿತ್ತು. ನೀರಿಗೆ ಒಂದೂ ಬೀಳುತ್ತಿರಲಿಲ್ಲ.

ಮೂರು ದಿನ ಏರಿಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ದಸ್ತಗೀರನನ್ನು ಮೆಚ್ಚದವರಿಲ್ಲ. ಎಂಟನೆಯ ದಿನ ಜನ ಅರ್ಧವಾದರು. ಹತ್ತನೆಯ ದಿನ ನಾನು ಹೋದಾಗ ಮಕ್ಕಳು ದಾರಗಳನ್ನು ಜಾಲಿಗಿಡಕ್ಕೆ ಕಟ್ಟಿ, ನೆರಳಿನಲ್ಲಿ ಕೂತು ಗೋಲಿ ಆಡುತ್ತಿದ್ದರು. ಮೇಲೆ ಪಟಗಳು ತಮ್ಮಷ್ಟಕ್ಕೆ ಲಾಗ ಹಾಕುತ್ತಿದ್ದವು. ಒಬ್ಬರೂ ಕತ್ತೆತ್ತಿ ನೋಡುತ್ತಿರಲಿಲ್ಲ.

ಓಬಣ್ಣ ಬಂದಿದ್ದ. ನೆರೆಯವರು ಯಾರೋ ಏರಿಯವರೆಗೆ ಬಿಟ್ಟುಹೋಗಿದ್ದರು. ನಾನು ಪಟ ಏರಿಸಿ ದಾರ ಅವನ ಕೈಗೆ ಕೊಟ್ಟೆ. ಅವನು ಒಂದು ಮಾರು ಬಿಡಲು ಕಾಯುತ್ತಿದ್ದ. ಅಷ್ಟರಲ್ಲಿ ಗಾಳಿ ಬೀಸಿತು. ಬಿಡದೆಯೇ ದಾರ ಸಡಿಲವಾಯಿತು, ಬಿಗಿಯಿತು, ಮತ್ತೆ ಸಡಿಲವಾಯಿತು. ದಾರ ಹರಿಯಿತೆಂದು ತಿಳಿದು ಅವನು ಕೈ ಬಿಟ್ಟ. ಪಟ ಕೆರೆಯಾಚೆ ಹೋಯಿತು. ಅವನು ಬರಿಗೈ ಚಾಚಿಕೊಂಡು ನಿಂತಿದ್ದ. ಎಲ್ಲಿ ಹೋಯಿತು ಎಂದು ನನ್ನನ್ನು ಕೇಳಿದ. ಆಚೆ ದಡಕ್ಕೆ ಎಂದೆ. ಇಬ್ಬರೂ ದಸ್ತಗೀರನ ಅಂಗಡಿಗೆ ಬಂದೆವು.

“ಸಾಬರೇ, ಆವತ್ತು ನಾನು ಬಿಡುತ್ತಿದ್ದೆ, ಅದು ಬರುತ್ತಿತ್ತು. ಈಗ ಅದೇ ಹೋಗುತ್ತದೆ, ಅದೇ ಬರುತ್ತದೆ. ನಾನು ಗಿಡವಾಗಿದ್ದೇನೆ” ಎಂದ ಓಬಣ್ಣ. ಆಮೇಲೆ ದನಿ ಇಳಿಸಿ, “ನನಗೆ ಆ ಮೊದಲ ವರ್ಷದ್ದನ್ನೇ ಒಂದು ಕಟ್ಟಿಕೊಡಿ” ಎಂದ.

ಕಟ್ಟಿದ್ದನ್ನು ಮತ್ತೆ ಕಟ್ಟಿದವನಲ್ಲ ದಸ್ತಗೀರ. ಆದರೂ ಎದ್ದ. ಅಟ್ಟದಿಂದ ಹಳೆಯ ಅಳತೆಗೋಲು ಇಳಿಸಿದ. ಅದೇ ಬಿದಿರು, ಅದೇ ಕಾಗದ, ಅದೇ ಗಿಡ್ಡ ಬಾಲಂಗೋಚಿ. ಸೂತ್ರ ಎರಡು ಬೆರಳು ಕೆಳಗೆ. ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ಮರುದಿನ ಸಂಜೆ ನಾನೇ ಅದನ್ನು ಏರಿಸಿಕೊಟ್ಟೆ.

ಓಬಣ್ಣ ಒಂದು ಮಾರು ಬಿಟ್ಟ. ಜಗ್ಗಿದ. ಲಾಗ ಬಂತು. ಇನ್ನೊಮ್ಮೆ ಬಿಟ್ಟ. ಇನ್ನೊಮ್ಮೆ ಬಂತು. ಎಣಿಸಿದಂತೆ ಐದಾರು ಸಲ ಮಾಡಿದ. ಒಂದೂ ತಪ್ಪಲಿಲ್ಲ. ನಾನು ನನ್ನ ಹಳೆಯ ಪಟವನ್ನೂ ತಂದಿದ್ದೆ. ನಾನೂ ಹಾಕಿದೆ, ನನಗೂ ಬಂತು. ಕೈ ಏನನ್ನೂ ಮರೆತಿರಲಿಲ್ಲ. ಆದರೂ ಯಾಕೋ ನಾನು ಆಚೆ ಈಚೆ ನೋಡಿದೆ. ಅರ್ಧ ಗಡ್ಡದವರನ್ನು ಬಿಟ್ಟು ಓಡಿಬಂದವರು ಯಾರೂ ಇರಲಿಲ್ಲ.

ಓಬಣ್ಣ ದಾರ ಸುತ್ತಿಕೊಂಡು ಅಂಗಡಿಗೆ ಬಂದು, ಪಟವನ್ನು ದಸ್ತಗೀರನ ಕೈಗೆ ಕೊಟ್ಟ.

“ಲಾಗ ಬಂತು, ಸಾಬರೇ. ಆ ವರ್ಷ ಮಾತ್ರ ವಾಪಸ್ಸು ಬರಲಿಲ್ಲ” ಎಂದ.

ದಸ್ತಗೀರ ಅವನನ್ನು ಕೂರಿಸಿ ಚಹ ತರಿಸಿದ. ಆಮೇಲೆ ಕೇಳಿದ: “ಆ ವರ್ಷ ಏನಿತ್ತು, ಓಬಣ್ಣ? ಬೋರಮ್ಮನವರ ಮಾತು ಬಿಟ್ಟು ಹೇಳಿ. ಅವರನ್ನು ನಾನು ಕಟ್ಟಿಕೊಡಲಾರೆ.”

ಓಬಣ್ಣ ಚಹದ ಲೋಟ ಕೆಳಗಿಟ್ಟ.

“ದಾರ ಬಿಟ್ಟಾಗ ನಿಮಗೆಲ್ಲ ಪಟ ಕಾಣುತ್ತಿರುತ್ತದೆ. ನನಗೆ ಅದು ಲೋಕದಲ್ಲೇ ಇರುವುದಿಲ್ಲ. ಕೈಯಲ್ಲಿ ಏನೂ ಇಲ್ಲ. ಆವತ್ತು ಅದು ಮತ್ತೆ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಬಿಟ್ಟೆ, ಬಂತು. ಈಗ ಬರುತ್ತದೆ ಎಂದು ಗೊತ್ತಿದೆ. ಗೊತ್ತಿದ್ದು ಬಿಡುವುದು ಬಿಟ್ಟ ಹಾಗಲ್ಲ.”

ದಸ್ತಗೀರ ಆ ಆಷಾಢ ಮುಗಿಯುವ ಮೊದಲೇ ಅಂಗಡಿ ಮುಚ್ಚಿದ.

ಮುಂದಿನ ಬೇಸಿಗೆ ಬಂತು. ಅವನು ಬಿದಿರು ತರಿಸಲಿಲ್ಲ. ಈ ವರ್ಷ ಪಟವಿಲ್ಲ ಎಂದು ಊರಿನಲ್ಲಿ ಮಾತಾಯಿತು. ಕೇಳಿದವರಿಗೆ ಅವನು ನನ್ನ ಕೈ ಮುಗಿಯಿತು ಎನ್ನುತ್ತಿದ್ದ. ನನಗೂ ಹೇಳಿದ.

ಒಂದು ಬೆಳಿಗ್ಗೆ ಅವನು ಯಾವುದೋ ಕೆಲಸಕ್ಕೆ ಹುರಿ ಬೇಕೆಂದು ಓಬಣ್ಣನ ಮನೆಗೆ ಹೋದ. ಬೋರಮ್ಮ ಹೋದ ಮೇಲೆ ರಾಟೆ ತಿರುಗಿಸಲು ನೆರೆಹೊರೆಯವರು ದಿನಕ್ಕೊಬ್ಬರು ಬರುತ್ತಿದ್ದರು. ಆವತ್ತು ಯಾರೂ ಬಂದಿರಲಿಲ್ಲ. ಓಬಣ್ಣ ಸೊಂಟಕ್ಕೆ ನಾರು ಕಟ್ಟಿಕೊಂಡು ಸುಮ್ಮನೆ ಕೂತಿದ್ದ. ದಸ್ತಗೀರ ರಾಟೆಯ ಮುಂದೆ ಕೂತು ಹಿಡಿ ಹಿಡಿದ.

ಓಬಣ್ಣ ಹಿಂದಕ್ಕೆ ನಡೆಯತೊಡಗಿದ. ಹತ್ತು ಮಾರು, ಇಪ್ಪತ್ತು ಮಾರು. ನಡುವೆ ಹುರಿ ಬೆಳೆಯುತ್ತಾ ಹೋಯಿತು. ದಸ್ತಗೀರನಿಗೆ ವಿಚಿತ್ರವೆನಿಸಿತು. ಓಬಣ್ಣ ಅಲ್ಲಿ ಒಂದು ಹೆಜ್ಜೆ ತಡೆದರೆ ಇಲ್ಲಿ ಹಿಡಿ ತಿಳಿಸುತ್ತಿತ್ತು. ಕೆಮ್ಮಿದರೆ ತಿಳಿಸುತ್ತಿತ್ತು. ನಾರು ತೆಳುವಾದರೆ ತಿಳಿಸುತ್ತಿತ್ತು. ಅವನು ಅದನ್ನೇ ಯೋಚಿಸುತ್ತಾ ಕೈ ನಿಧಾನ ಮಾಡಿದ.

“ಸಾಬರೇ, ನಿಮ್ಮ ಮನಸ್ಸು ರಾಟೆಯ ಮೇಲಿಲ್ಲ” ಎಂದು ಓಬಣ್ಣ ಆ ತುದಿಯಿಂದ ಕೂಗಿದ.

“ನಿಮಗೆ ಹೇಗೆ ಗೊತ್ತಾಯಿತು?”

“ಹುರಿ ಹೇಳಿತು.”

ಮರುದಿನವೂ ದಸ್ತಗೀರ ಹೋದ. ಅದರ ಮರುದಿನವೂ ಹೋದ. ಒಂದು ತಿಂಗಳು ಅವನೇ ರಾಟೆ ತಿರುಗಿಸಿದ. ಊರಿನವರು ಪಟದವನು ಹಗ್ಗದವನಾದ ಎಂದರು. ತಿಂಗಳ ಕೊನೆಗೆ ಅವನು ಬಿದಿರು ತರಿಸಿದ. ಬೇಸಿಗೆ ಅಷ್ಟು ಹೊತ್ತಿಗೆ ಮುಗಿದುಹೋಗಿತ್ತು.

ಆಷಾಢದ ಮೊದಲ ದಿನ ಅಂಗಡಿಯ ಬಾಗಿಲು ತೆರೆಯಿತು. ಒಳಗೆ ಇದ್ದದ್ದು ಒಂದೇ ಪಟ. ಮೊರದಷ್ಟು ಅಗಲ. ಎದೆಗೆ ಸೂತ್ರವಿಲ್ಲ. ಎಡ ಹೆಗಲಿಗೆ ಒಂದು ಸೂತ್ರ, ಬಲ ಹೆಗಲಿಗೆ ಒಂದು ಸೂತ್ರ. ಎರಡಕ್ಕೂ ಬೇರೆ ಬೇರೆ ದಾರದ ಉಂಡೆ.

“ಇದನ್ನು ಒಬ್ಬರು ಹಾರಿಸಲಾಗುವುದಿಲ್ಲ. ಇಬ್ಬರು ಬೇಕು” ಎಂದ ದಸ್ತಗೀರ.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಲಾಗ ಹಾಕುತ್ತದೆಯೇ?” ಎಂದು ಹೆಡ್‌ಮಾಸ್ತರರು ಕೇಳಿದರು. ಹಿಂದಿನಿಂದ ಇನ್ನೂ ನಾಲ್ಕು ಜನ ಅದನ್ನೇ ಕೇಳಿದರು.

“ಗೊತ್ತಿಲ್ಲ. ಒಬ್ಬನೇ ಹಾರಿಸಿ ನೋಡಲು ಆಗಲಿಲ್ಲ” ಎಂದ ಅವನು.

ಕೆಲವರು ನಕ್ಕರು. ಕೆಲವರು ಮನೆಗೆ ಹೋದರು. ದಸ್ತಗೀರ ಪಟ ಎತ್ತಿಕೊಂಡು ಅಂಗಡಿಯಿಂದ ಇಳಿದ. ದಾರಿಯಲ್ಲಿ ಓಬಣ್ಣನ ಮನೆಗೆ ಹೋಗಿ ಅವನನ್ನು ಕರೆದುಕೊಂಡು, ಇಪ್ಪತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಕೆರೆ ಏರಿಯ ಮೇಲೆ ಬಂದು ನಿಂತ.

ಇಬ್ಬರೂ ಇಪ್ಪತ್ತು ಹೆಜ್ಜೆ ದೂರ ದೂರ ನಿಂತರು. ಒಂದು ದಾರ ಓಬಣ್ಣನ ಕೈಯಲ್ಲಿ, ಒಂದು ದಾರ ದಸ್ತಗೀರನ ಕೈಯಲ್ಲಿ. ಪಟ ಎತ್ತಿಕೊಟ್ಟವನು ನಾನು. ಮೊದಲ ಸಲ ಅದು ಏಳಲೇ ಇಲ್ಲ. ಎರಡನೆಯ ಸಲ ಎದ್ದು, ಇಬ್ಬರೂ ಒಟ್ಟಿಗೆ ಜಗ್ಗಿದ್ದರಿಂದ ಏರಿಯ ಕಲ್ಲಿಗೆ ಬಡಿಯಿತು. ಒಂದು ಕಡೆ ಕಾಗದ ಹರಿಯಿತು. ದಸ್ತಗೀರ ಅಲ್ಲೇ ಕೂತು ತೇಪೆ ಹಾಕಿದ. ಮೂರನೆಯ ಸಲ ಅದು ಏರಿ, ಇಬ್ಬರ ನಡುವೆ ಮೇಲೆ ನಿಂತಿತು.

ಓಬಣ್ಣ ಒಂದು ಮಾರು ದಾರ ಬಿಟ್ಟ.

ಪಟ ಅವನ ಕಡೆಯಿಂದ ವಾಲಿತು. ರೆಕ್ಕೆ ಮಡಿಸಿದ ಗರುಡನ ಹಾಗೆ ನೀರಿನತ್ತ ಜಾರಿತು. ಅದನ್ನು ಉಳಿಸುವುದು ಈಗ ಓಬಣ್ಣನ ಕೈಯಲ್ಲಿರಲಿಲ್ಲ. ದಸ್ತಗೀರ ಜಗ್ಗಿದ. ಪಟ ನೀರಿನ ಮೇಲೆ ಒಂದಾಳೆತ್ತರದಲ್ಲಿ ತಿರುಗಿ, ಆಕಾಶವನ್ನು ಅಡ್ಡ ದಾಟಿ ಅವನ ತಲೆಯ ಮೇಲೆ ಬಂದು ನಿಂತಿತು.

ಈಗ ದಸ್ತಗೀರ ಬಿಡಬೇಕಿತ್ತು. ಅವನಿಗೆ ಆಗಲಿಲ್ಲ. ದಾರ ಹಿಡಿದ ಮುಷ್ಟಿ ಬಿಗಿದುಕೊಂಡಿತ್ತು. ಜೀವಮಾನವೆಲ್ಲ ಕಟ್ಟಿದವನು, ಇನ್ನೊಬ್ಬರ ಕೈ ನಂಬಿ ಒಂದು ಸಲವೂ ಬಿಟ್ಟವನಲ್ಲ. ಎದುರಿಗೆ ದಾರ ಹಿಡಿದು ನಿಂತವನಿಗೆ ಕಣ್ಣು ಬೇರೆ ಕಾಣದು. ತಾನು ಯಾವಾಗ ಬಿಟ್ಟೆ ಎಂದು ಅವನಿಗೆ ಗೊತ್ತಾಗುವುದಾದರೂ ಹೇಗೆ ಎಂದು ಹೆದರಿದ.

“ಸಾಬರೇ, ಇತ್ತ ಕೊಡಿ” ಎಂದ ಓಬಣ್ಣ, ಮೆಲ್ಲಗೆ.

ದಸ್ತಗೀರ ಬಿಟ್ಟ. ಪಟ ಬಿತ್ತು. ಓಬಣ್ಣನ ಕೈ ಎಲ್ಲಿ ಜಗ್ಗಬೇಕೋ ಅಲ್ಲಿ ಜಗ್ಗಿತು. ಪಟ ತಿರುಗಿ ಅವನ ಕಡೆಗೆ ಏರಿತು. ನಾನು ದಸ್ತಗೀರನನ್ನು ನೋಡುತ್ತಿದ್ದೆ. ಅವನ ಗಡ್ಡ ಒದ್ದೆಯಾಗಿತ್ತು. ಓಬಣ್ಣ ಮುಖವನ್ನು ಗಾಳಿಗೆ ಕೊಟ್ಟು ನಗುತ್ತಿದ್ದ. ಆ ಮೊದಲ ವರ್ಷದ ನಗೆ ಅದಲ್ಲ. ಅದು ಬೇರೆ ನಗೆ, ಸ್ವಲ್ಪ ವಯಸ್ಸಾದದ್ದು. ಕತ್ತಲಾಗುವವರೆಗೆ ಅವರು ಅದನ್ನು ಅತ್ತ ಇತ್ತ ಕೊಟ್ಟು ತೆಗೆದುಕೊಂಡರು.

ವಾರದೊಳಗೆ ಏರಿಯ ಮೇಲೆ ಜೋಡಿ ಜೋಡಿಯಾಗಿ ಜನ ನಿಂತರು. ಅತ್ತೆಸೊಸೆ ಎದುರುಬದುರು ಮಾಳಿಗೆಯಿಂದ ಹಾರಿಸಿದರು. ಪರೀಕ್ಷೆಯ ಕೊಠಡಿಯ ವಿಚಾರಕ್ಕೆ ಹೆಡ್‌ಮಾಸ್ತರರಿಗೂ ನನಗೂ ಮಾತು ನಿಂತು ಐದು ತಿಂಗಳಾಗಿತ್ತು. ಬೇರೆ ಜೊತೆ ಸಿಗದೆ ಅವರು ನನ್ನನ್ನು ಕರೆದರು. ನಮ್ಮ ಪಟ ನಾಲ್ಕು ಸಲ ನೀರಿಗೆ ಬಿತ್ತು. ನಾಲ್ಕೂ ಸಲ ತಪ್ಪು ನನ್ನದೇ ಎಂದು ಅವರು ಹೇಳಿದರು. ಹಾಗೆ ಮಾತು ಶುರುವಾಯಿತು.

ಎಲ್ಲರಿಗೂ ಅದು ಹಿಡಿಸಿತು ಎಂದರೆ ಸುಳ್ಳಾಗುತ್ತದೆ. ಕ್ಷೌರದವನು ಕೊನೆಯವರೆಗೂ ಆ ಮೊದಲ ಪಟವನ್ನೇ ಹಾರಿಸಿದ. ಕಾಗದ ಹರಿದಾಗಲೆಲ್ಲ ಅಂಗಡಿಗೆ ತರುತ್ತಿದ್ದ. ದಸ್ತಗೀರ ಹೊಸ ಕಾಗದ ಅಂಟಿಸಿಕೊಡುತ್ತಿದ್ದ. ಕೆಲವು ಸಂಜೆ ನಾನೂ ಅವನ ಪಕ್ಕ ನಿಂತು ಒಂದೆರಡು ಲಾಗ ಹಾಕುತ್ತಿದ್ದೆ.

ಮರುವರ್ಷ ಬೇಸಿಗೆಯಲ್ಲಿ ನನಗೆ ವರ್ಗವಾಯಿತು. ಐದನೆಯ ವರ್ಷ ಅವನು ಏನು ಕಟ್ಟಿದ ಎಂದು ನಾನು ನೋಡಲಿಲ್ಲ. ಈಗ ಆ ಏರಿಯ ಮೇಲೆ ಟಾರು ರಸ್ತೆಯಾಗಿದೆಯಂತೆ. ಆಷಾಢದ ಗಾಳಿ ಬೀಸಿದರೆ ನನ್ನ ಕೈ ತಾನಾಗಿ ಒಂದು ಮಾರು ದಾರ ಬಿಡುತ್ತದೆ. ಅನ್ನ ತಿನ್ನುವಾಗಲೂ ಬಿಡುತ್ತದೆ. ಮನೆಯವರು ನಗುತ್ತಾರೆ.

ಗುರುಗಳು ಕತೆ ನಿಲ್ಲಿಸಿದರು.

“ನನಗೆ ಒಂದು ತಿಳಿಯಲಿಲ್ಲ, ಗುರುಗಳೇ. ಆ ನಾಲ್ಕನೆಯ ಪಟದಲ್ಲಿ ಲಾಗ ಇತ್ತು ಎನ್ನಬೇಕೇ, ಇರಲಿಲ್ಲ ಎನ್ನಬೇಕೇ?” ಎಂದು ಸಿಂಚನಾ ಕೇಳಿದಳು.

“ಅಂಗಡಿಯ ಮುಂದೆ ಎಲ್ಲರೂ ಅದನ್ನೇ ಕೇಳಿದರು, ಏರಿಯ ಮೇಲೆ ದಾರ ಕೈಗೆ ಬಂದ ಮೇಲೆ ಯಾರೂ ಕೇಳಲಿಲ್ಲ” ಎಂದರು ಗುರುಗಳು.